ಕಿತ್ತ ಹಲ್ಲು ಹೋಯಿತು, ಪಕ್ಕದ ಹಲ್ಲು ಜೋಪಾನ!

ಮನೆಗೆ ಬಂದ ನೆಂಟರಿಗೆ ಬಿಸಿಬಿಸಿ ಒಗ್ಗರಣೆ, ಮಿರ್ಚಿ ಮಾಡಿ ಬಡಿಸ್ತೀರಿ. ನೀವು ಮಾತ್ರ ಎಲ್ಲವನ್ನೂ ಎಡದವಡೆಗೆ ಸರಿಸಿಕೊಂಡು ನಿಧಾನಕ್ಕೆ ಅಗಿಯುತ್ತೀರಿ. ಯಾಕೆ ಅಂದ್ರೆ ಬಲಗಡೆ ಕೆಳಗಿನ ದವಡೆ ಹಲ್ಲು ಕೀಳಿಸಿ ಆಗಲೇ ನಾಲ್ಕು ವರ್ಷ ಆಯ್ತು. ಯಾರಾದರೂ ಕೇಳಿದರೆ ಉತ್ತರ ಸಿದ್ಧ: “ನಕ್ಕರೆ ಕಾಣೋ ಹಲ್ಲಲ್ಲ ಬಿಡ್ರಿ, ಮಗಳ ಫೀಸು ಮುಗೀಲಿ, ಆಮೇಲೆ ನೋಡೋಣ.”

ಈ ಮಾತು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಎಷ್ಟು ಮನೆಗಳಲ್ಲಿ ಕೇಳಿಬರುತ್ತದೋ! ಮನೆಯವರ ಕನ್ನಡಕ, ಮಕ್ಕಳ ಹಲ್ಲಿನ ಕ್ಲಿಪ್ಪು, ಮಾವನವರ ಬಿ.ಪಿ. ಮಾತ್ರೆ, ಎಲ್ಲಕ್ಕೂ ತಿಂಗಳ ಲೆಕ್ಕದಲ್ಲಿ ಜಾಗ ಇರುತ್ತೆ. ಗೃಹಿಣಿಯ ಹಲ್ಲಿಗೆ ಮಾತ್ರ ಇರೋಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋ ಗಾದೆಯನ್ನು ನಾವು ನಕ್ಕು ಹೇಳುತ್ತೇವೆ. ಆದರೆ ನಲವತ್ತರ ಹೆಣ್ಣುಮಗಳೊಬ್ಬಳು ಶೇಂಗಾ, ಕಡಕ್ ರೊಟ್ಟಿ, ಹಸಿ ಸೌತೆಕಾಯಿಯನ್ನು ಒಂದೊಂದಾಗಿ ಬಿಟ್ಟು ಮೆತ್ತನ್ನದಲ್ಲೇ ಹೊಟ್ಟೆ ತುಂಬಿಸಿಕೊಳ್ಳೋದು ನಗುವ ವಿಷಯವಲ್ಲ.

ಇವತ್ತಿನ ಮಾತು ಹಲ್ಲು ಕಟ್ಟಿಸುವುದರ ಬಗ್ಗೆ. ಬ್ರಿಡ್ಜ್ ಒಳ್ಳೆಯದೋ, ಇಂಪ್ಲಾಂಟ್ ಒಳ್ಳೆಯದೋ ಅನ್ನುವ ಪ್ರಶ್ನೆ ಎಲ್ಲರದ್ದು. ನಾವು ಹೇಳೋದು ಒಂದೇ: ಹೋದ ಹಲ್ಲನ್ನು ನೋಡಿ ನಿರ್ಧಾರ ಮಾಡಬೇಡಿ. ಅದರ ಎರಡು ಪಕ್ಕದ ಹಲ್ಲುಗಳನ್ನು ನೋಡಿ ನಿರ್ಧಾರ ಮಾಡಿ. ಮತ್ತು ಆ ನಿರ್ಧಾರವನ್ನು ವರ್ಷಗಟ್ಟಲೆ ಮುಂದೂಡಬೇಡಿ.

ಖಾಲಿ ಜಾಗ ಸುಮ್ಮನೆ ಇರೋಲ್ಲ

ಬಸ್ಸಿನಲ್ಲಿ ಮೂವರ ಸೀಟಿನಿಂದ ನಡುವಿನವರು ಎದ್ದು ಹೋದರೆ ಏನಾಗುತ್ತೆ? ಉಳಿದ ಇಬ್ಬರು ಮೆಲ್ಲಗೆ ಸರಿದು ಕೂರುತ್ತಾರೆ. ಬಾಯಲ್ಲೂ ಹಾಗೇ. ಹಲ್ಲು ಕಿತ್ತ ಜಾಗದ ಕಡೆಗೆ ಪಕ್ಕದ ಹಲ್ಲುಗಳು ನಿಧಾನವಾಗಿ ವಾಲುತ್ತವೆ. ಎದುರಿನ ದವಡೆಯ ಹಲ್ಲಿಗೆ ತಡೆ ಇಲ್ಲದ್ದರಿಂದ ಅದು ಖಾಲಿ ಜಾಗದೊಳಕ್ಕೆ ಉದ್ದವಾಗಿ ಇಳಿಯತೊಡಗುತ್ತದೆ. ವಾಲಿದ ಹಲ್ಲುಗಳ ಸಂದಿಯಲ್ಲಿ ಅನ್ನದ ಅಗುಳು, ಸೊಪ್ಪಿನ ನಾರು ಸಿಕ್ಕಿಕೊಳ್ಳುತ್ತೆ. ಅಲ್ಲೇ ಹುಳುಕು ಶುರು. ಒಂದು ಹಲ್ಲು ಹೋದ ಮನೆಗೆ ಎರಡನೆಯದೂ ಹೊರಟು ನಿಲ್ಲೋದು ಹೀಗೆ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವೂ ಇದೆ. ಹಲ್ಲಿನ ಬೇರಿಗೆ ಆಸರೆಯಾಗಿದ್ದ ದವಡೆ ಮೂಳೆಗೆ ಇನ್ನು ಕೆಲಸವಿಲ್ಲ. ಅದು ಕರಗತೊಡಗುತ್ತದೆ. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಈ ಕರಗುವಿಕೆ ಅತಿ ಹೆಚ್ಚು. ಆಮೇಲೂ ನಿಧಾನವಾಗಿ ನಡೆದೇ ಇರುತ್ತೆ. ಹತ್ತು ವರ್ಷ ಬಿಟ್ಟು “ಈಗ ಇಂಪ್ಲಾಂಟ್ ಹಾಕಿ ಡಾಕ್ಟ್ರೇ” ಅಂದರೆ, “ಹಾಕೋಕೆ ಮೂಳೆ ಸಾಲದಲ್ಲಮ್ಮಾ” ಅನ್ನುವ ಉತ್ತರ ಬರೋದು ಇದಕ್ಕೇ. ಆಗ ಮೂಳೆ ಕೂಡಿಸುವ ಶಸ್ತ್ರಚಿಕಿತ್ಸೆಯ ಖರ್ಚೂ ಸೇರಿಕೊಳ್ಳುತ್ತೆ.

ಹೆಚ್ಚಿನವರು ಕಳೆದುಕೊಳ್ಳುವ ಹಲ್ಲು ಯಾವುದು ಗೊತ್ತೇ? ಆರನೇ ವರ್ಷಕ್ಕೆ ಬರುವ ಮೊದಲ ದವಡೆ ಹಲ್ಲು. ಹಾಲು ಹಲ್ಲುಗಳೆಲ್ಲ ಇನ್ನೂ ಬಾಯಲ್ಲಿರುವಾಗಲೇ ಇದು ಹಿಂದೆ ಸದ್ದಿಲ್ಲದೆ ಹುಟ್ಟುತ್ತೆ. ಇದೂ ಬಿದ್ದು ಮತ್ತೆ ಬರುವ ಹಲ್ಲೇ ಅಂದುಕೊಂಡು ತಾಯಂದಿರು ಹುಳುಕನ್ನು ಲೆಕ್ಕಕ್ಕಿಡೋಲ್ಲ. ಅದು ಬಿದ್ದರೆ ಮತ್ತೆ ಬರೋಲ್ಲ. ನಿಮ್ಮ ಬಾಯಲ್ಲಿ ಅದು ಹೋಗಿದ್ದರೆ ಹೋಗಲಿ, ಒಂದನೇ ಕ್ಲಾಸಿನ ಮಗುವಿನ ಬಾಯಿ ತೆರೆಸಿ ಇವತ್ತೇ ನೋಡಿ.

ಹಾಗಂತ ಎಲ್ಲ ಸಂದಿಯನ್ನೂ ತುಂಬಿಸಲೇಬೇಕು ಅಂತಿಲ್ಲ. ಬುದ್ಧಿ ಹಲ್ಲು ಕೀಳಿಸಿದ್ದರೆ ಅದರ ಜಾಗಕ್ಕೆ ಹೊಸ ಹಲ್ಲು ಬೇಕಿಲ್ಲ. ಕೊನೆಯ ದವಡೆ ಹಲ್ಲು ಹೋಗಿದ್ದು, ಮುಂದಿನವೆಲ್ಲ ಗಟ್ಟಿಯಾಗಿದ್ದರೆ ಕೆಲವರಿಗೆ ಹಾಗೆಯೇ ಬಿಡಬಹುದು. ಇದನ್ನು ದಂತವೈದ್ಯರನ್ನೇ ನೇರವಾಗಿ ಕೇಳಿ: “ಇದನ್ನು ಹೀಗೇ ಬಿಟ್ಟರೆ ಏನಾಗುತ್ತೆ?” ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳೋಲ್ಲ.

ಕೀಳಿಸುವ ಮೊದಲು ಒಂದು ಮಾತು

ಎಷ್ಟೇ ದುಬಾರಿ ಹಲ್ಲು ಕಟ್ಟಿಸಿದರೂ ಹುಟ್ಟಿಬಂದ ಬೇರಿಗೆ ಸಮನಲ್ಲ. ನೋವು ತಡೆಯೋಕಾಗದೆ “ಕಿತ್ತುಬಿಡಿ ಸಾರ್” ಅನ್ನುವ ಮುಂಚೆ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿ ಉಳಿಸಬಹುದೇ ಅಂತ ಕೇಳಿ. ರೂಟ್ ಕೆನಾಲಿನ ಖರ್ಚು ಹೆಚ್ಚು ಅಂತ ಹಲ್ಲು ಕೀಳಿಸಿ, ಆಮೇಲೆ ಅದಕ್ಕಿಂತ ಹೆಚ್ಚು ಕೊಟ್ಟು ಹಲ್ಲು ಕಟ್ಟಿಸುವವರೇ ಜಾಸ್ತಿ. ಕೀಳಲೇಬೇಕು ಅಂತಾದರೆ ಅದೇ ದಿನ “ಮುಂದೇನು?” ಅಂತ ಕೇಳಿಕೊಂಡೇ ಮನೆಗೆ ಬನ್ನಿ.

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತೆ ಅನ್ನೋ ಮಾತು ನಮ್ಮ ಕಡೆ ಬಹಳ. ಹಲ್ಲಿನ ನರಕ್ಕೂ ಕಣ್ಣಿನ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. ಹೀಗೆ ಹೆದರಿ ಕೀವಾದ ಹಲ್ಲನ್ನು ಬಾಯಲ್ಲಿಟ್ಟುಕೊಂಡರೇ ಅಪಾಯ.

ಬ್ರಿಡ್ಜ್ ಅಂದರೆ ಪಕ್ಕದವರ ಹೆಗಲ ಮೇಲಿನ ಹೊರೆ

ಹೆಸರೇ ಹೇಳುವಂತೆ ಇದು ಸೇತುವೆ. ಹೋದ ಹಲ್ಲಿನ ಆಚೀಚೆಯ ಎರಡು ಹಲ್ಲುಗಳನ್ನು ಸುತ್ತಲೂ ಉಜ್ಜಿ ಸಣ್ಣ ಮಾಡಿ, ಅವುಗಳ ಮೇಲೆ ಕ್ಯಾಪ್ ಕೂರಿಸುತ್ತಾರೆ. ಆ ಎರಡು ಕ್ಯಾಪುಗಳ ನಡುವೆ ಹೊಸ ಹಲ್ಲು ಜೋಡಿಸಿರುತ್ತೆ. ಮೂರೂ ಸೇರಿ ಒಂದೇ ತುಂಡು. ಸಿಮೆಂಟಿನಿಂದ ಅಂಟಿಸಿದ ಮೇಲೆ ದಿನಾ ತೆಗೆದು ಹಾಕುವ ರಗಳೆ ಇಲ್ಲ. ಒಳಗೆ ಲೋಹ, ಮೇಲೆ ಪಿಂಗಾಣಿ ಇರುವ ಬ್ರಿಡ್ಜುಗಳು ಹೆಚ್ಚು ಬಳಕೆಯಲ್ಲಿವೆ. ಲೋಹವೇ ಇಲ್ಲದ ಜಿರ್ಕೋನಿಯಾ ಬ್ರಿಡ್ಜುಗಳೂ ಬಂದಿವೆ, ಬೆಲೆ ಸ್ವಲ್ಪ ಮೇಲೆ.

ಇದರ ಅನುಕೂಲ ದೊಡ್ಡದು. ಆಪರೇಷನ್ ಇಲ್ಲ. ಎರಡು ಮೂರು ಭೇಟಿಯಲ್ಲಿ, ಒಂದೆರಡು ವಾರದೊಳಗೆ ಕೆಲಸ ಮುಗಿಯುತ್ತೆ. ಸಿರಿಗೇರಿಯಿಂದ ಬಸ್ಸು ಹತ್ತಿ ಬಳ್ಳಾರಿಗೆ ಬರುವವರಿಗೆ, ಭತ್ತದ ನಾಟಿ, ಕಟಾವಿನ ನಡುವೆ ಬಿಡುವು ಮಾಡಿಕೊಳ್ಳುವವರಿಗೆ ಇದು ಸಣ್ಣ ವಿಷಯವಲ್ಲ. ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುತ್ತೆ.

ತೊಂದರೆಯೂ ಅಲ್ಲೇ ಇದೆ. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್ ಒಮ್ಮೆ ಉಜ್ಜಿ ಹೋದರೆ ಮತ್ತೆ ಬೆಳೆಯೋಲ್ಲ. ಒಂದು ಹಲ್ಲಿನ ಸಲುವಾಗಿ ಎರಡು ಗಟ್ಟಿ ಹಲ್ಲುಗಳನ್ನು ಸವೆಸಿದ ಹಾಗಾಯ್ತು. ಮೂರು ಹಲ್ಲಿನ ಭಾರವನ್ನು ಎರಡು ಬೇರು ಹೊರಬೇಕು. ಕ್ಯಾಪಿನ ಅಂಚಿನಲ್ಲಿ ಕೊಳೆ ಕೂತು ಒಳಗಿನ ಹಲ್ಲು ಹುಳುಕಾದರೆ ಬ್ರಿಡ್ಜ್ ಪೂರ್ತಿ ಹೋಗುತ್ತೆ. ಬ್ರಿಡ್ಜಿನ ಕೆಳಗೆ ಬೇರಿಲ್ಲದ ಕಡೆ ಮೂಳೆ ಕರಗೋದೂ ನಿಲ್ಲೋಲ್ಲ.

ಮುಂದಿನ ಒಂದೇ ಹಲ್ಲು ಹೋಗಿದ್ದರೆ ಪಕ್ಕದ ಹಲ್ಲಿನ ಹಿಂಬದಿಗೆ ಸಣ್ಣ ರೆಕ್ಕೆಯ ಹಾಗೆ ಅಂಟಿಸುವ ಬ್ರಿಡ್ಜೂ ಉಂಟು, ಮೇರಿಲ್ಯಾಂಡ್ ಬ್ರಿಡ್ಜ್ ಅಂತ ಅದರ ಹೆಸರು. ಹಲ್ಲು ಉಜ್ಜುವುದು ಬಹಳ ಕಡಿಮೆ. ಆದರೆ ಅಗಿಯುವ ದವಡೆ ಹಲ್ಲಿನ ಒತ್ತಡಕ್ಕೆ ಅದು ಅಷ್ಟು ಗಟ್ಟಿಯಲ್ಲ, ನಡುನಡುವೆ ಕಿತ್ತು ಬರೋದೂ ಉಂಟು.

ಇಂಪ್ಲಾಂಟ್ ಅಂದರೆ ಹೊಸ ಬೇರು

ಇಂಪ್ಲಾಂಟಿನಲ್ಲಿ ಪಕ್ಕದ ಹಲ್ಲಿನ ತಂಟೆಗೆ ಹೋಗೋಲ್ಲ. ದವಡೆ ಮೂಳೆಯೊಳಗೆ ಟೈಟಾನಿಯಂ ಲೋಹದ ಪುಟ್ಟ ಸ್ಕ್ರೂ ಒಂದನ್ನು ಕೂರಿಸುತ್ತಾರೆ. ಅದೇ ಹೊಸ ಬೇರು. ಮೂಳೆ ಅದರ ಸುತ್ತ ಬೆಳೆದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಾದ ಮೇಲೆ ಅದರ ಮೇಲೆ ಹಲ್ಲಿನ ಕ್ಯಾಪ್ ಕೂರಿಸುತ್ತಾರೆ.

ಇದರ ಹಿಂದಿನ ಕಥೆ ಸೊಗಸಾಗಿದೆ. ಸ್ವೀಡನ್ನಿನ ವೈದ್ಯ ಪೆರ್-ಇಂಗ್ವಾರ್ ಬ್ರೊನೆಮಾರ್ಕ್ ಹಲ್ಲಿನ ಡಾಕ್ಟರೇ ಅಲ್ಲ. 1952ರಲ್ಲಿ ಅವರು ಮೂಳೆ ಮಾಯುವ ಬಗೆ ನೋಡಲು ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂ ಉಪಕರಣವನ್ನು ಇಟ್ಟಿದ್ದರು. ಕೆಲಸ ಮುಗಿದು ತೆಗೆಯಲು ಹೋದರೆ ಅದು ಬರಲೇ ಇಲ್ಲ! ಮೂಳೆ ಅದನ್ನು ತನ್ನದೇ ಅಂತ ಅಪ್ಪಿಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ ರೋಗಿಯ ದವಡೆಗೆ ಮೊದಲ ಬಾರಿ ಇಂಥ ಬೇರುಗಳನ್ನು ಕೂರಿಸಿದರು. 2006ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷಕ್ಕೂ ಮೇಲ್ಪಟ್ಟು, ಅವು ಅವರ ಬಾಯಲ್ಲಿ ಕೆಲಸ ಮಾಡಿದವು. ಅಂದ್ರೆ ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ.

“ಮೂಳೆಗೆ ಸ್ಕ್ರೂ” ಅಂದ ಕೂಡಲೇ ಎದೆ ಝಲ್ಲೆನ್ನುತ್ತೆ, ನಿಜ. ಹಲ್ಲು ಕೀಳಿಸುವಾಗ ಕೊಡುವಂಥದೇ ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಬರಬಹುದು. ನಾಲ್ಕಾರು ದಿನ ಊತ, ನೋವು ಇರುತ್ತೆ, ಮೆತ್ತಗಿನ ಊಟ ಮಾಡಬೇಕಾಗುತ್ತೆ. ಅಷ್ಟೇ.

ಇದಕ್ಕೂ ಮಿತಿಗಳಿವೆ. ಖರ್ಚು ಹೆಚ್ಚು, ಕಾಯುವ ತಿಂಗಳುಗಳೂ ಹೆಚ್ಚು. ಮೂಳೆ ಸಾಕಷ್ಟಿರಬೇಕು. ಮೇಲಿನ ದವಡೆಯ ಹಿಂಭಾಗದಲ್ಲಿ ಸೈನಸ್ ಎಂಬ ಗಾಳಿಕೋಣೆ ಹತ್ತಿರವಿರುವುದರಿಂದ ಅಲ್ಲಿ ಮೂಳೆ ಸಾಲದೆ ಹೋಗಬಹುದು. ಅದಕ್ಕೇ ಮೊದಲು ಎಕ್ಸ್‌ರೇ, ಬೇಕಾದರೆ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ಸ್ಕ್ಯಾನ್ ಯಾಕೆ ಅಂತ ಗೊಣಗಬೇಡಿ, ಕೆಳದವಡೆಯಲ್ಲಿ ಹಾದುಹೋಗುವ ನರ ಎಲ್ಲಿದೆ ಅಂತ ಅದರಲ್ಲೇ ಗೊತ್ತಾಗೋದು. ಬೆಳೆಯುವ ವಯಸ್ಸಿನ ಮಕ್ಕಳಿಗೆ ಇಂಪ್ಲಾಂಟ್ ಹಾಕುವುದಿಲ್ಲ. ಆಟದಲ್ಲಿ ಬಿದ್ದು ಹೈಸ್ಕೂಲ್ ಮಗನ ಮುಂದಿನ ಹಲ್ಲು ಹೋಗಿದ್ದರೆ, ದವಡೆ ಬೆಳವಣಿಗೆ ಮುಗಿಯುವವರೆಗೆ ತಾತ್ಕಾಲಿಕ ಹಲ್ಲಿನಲ್ಲೇ ಕಾಲ ಕಳೆಯಬೇಕು.

ಹಾಗಾದರೆ ಯಾವುದು ಮಾಡಿಸೋದು?

ಈಗ ಪಕ್ಕದ ಹಲ್ಲಿನ ಮಾತಿಗೆ ಬನ್ನಿ. ಕನ್ನಡಿ ಮುಂದೆ ನಿಂತು ನೋಡಿ, ಇಲ್ಲವೇ ವೈದ್ಯರನ್ನು ಕೇಳಿ.

ಪಕ್ಕದ ಎರಡೂ ಹಲ್ಲು ಹುಳುಕಿಲ್ಲದೆ, ತುಂಬಿಸದೆ, ಗಟ್ಟಿಮುಟ್ಟಾಗಿವೆಯೇ? ಅವನ್ನು ಉಜ್ಜಿ ಹಾಳು ಮಾಡುವುದು ಬೇಡ. ಶಕ್ತಿ ಇದ್ದರೆ ಇಂಪ್ಲಾಂಟಿನ ಕಡೆ ಒಲವಿರಲಿ.

ಪಕ್ಕದ ಹಲ್ಲುಗಳಿಗೆ ಆಗಲೇ ರೂಟ್ ಕೆನಾಲ್ ಆಗಿದೆಯೇ, ದೊಡ್ಡ ಫಿಲ್ಲಿಂಗ್ ಇದೆಯೇ, ಹೇಗೂ ಕ್ಯಾಪ್ ಬೇಕಾಗಿದೆಯೇ? ಹಾಗಾದರೆ ಬ್ರಿಡ್ಜ್ ಒಂದೇ ಕಲ್ಲಿಗೆ ಎರಡು ಹಣ್ಣು. ಕಳೆದುಕೊಳ್ಳುವುದು ಏನೂ ಇಲ್ಲ.

ಪಕ್ಕದ ಹಲ್ಲು ವಸಡಿನ ರೋಗದಿಂದ ಅಲುಗಾಡುತ್ತಿದೆಯೇ? ಬೀಳೋ ಗೋಡೆಗೆ ತೊಲೆ ಇಡುತ್ತೇವೆಯೇ? ಅದರ ಮೇಲೆ ಬ್ರಿಡ್ಜ್ ಬೇಡ. ಮೊದಲು ವಸಡಿನ ಚಿಕಿತ್ಸೆ, ಆಮೇಲೆ ಮುಂದಿನ ಮಾತು.

ಹಿಂದೆ ಆಸರೆಗೆ ಹಲ್ಲೇ ಇಲ್ಲವೇ? ಅಲ್ಲಿ ಮಾಮೂಲಿ ಬ್ರಿಡ್ಜ್ ನಿಲ್ಲೋಲ್ಲ. ಇಂಪ್ಲಾಂಟ್, ಇಲ್ಲವೇ ತೆಗೆದು ಹಾಕುವ ಹಲ್ಲು.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಕಿವಿಮಾತು. ಬಳ್ಳಾರಿ ಜಿಲ್ಲೆಯ ಹಲವು ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯೋಕೆ ಯೋಗ್ಯವಲ್ಲ. ಚಿಕ್ಕಂದಿನಲ್ಲಿ ಅಂಥ ನೀರು ಕುಡಿದು ಬೆಳೆದವರ ಹಲ್ಲಿನಲ್ಲಿ ಸುಣ್ಣದಂಥ ಬಿಳಿ ಮಚ್ಚೆ, ಕಂದು ಗೆರೆ ಉಳಿಯುತ್ತೆ. ಅಂಥವರು ಹಲ್ಲು ಕಟ್ಟಿಸುವಾಗ ಬಣ್ಣದ ಆಯ್ಕೆಯಲ್ಲಿ ಅವಸರ ಮಾಡಬಾರದು. ಕಂದು ಹಲ್ಲುಗಳ ನಡುವೆ ಹಾಲಿನಂಥ ಬಿಳಿ ಹಲ್ಲೊಂದು ಕೂತರೆ ಕಟ್ಟಿಸಿದ್ದು ಅಂತ ದೂರದಿಂದಲೇ ಗೊತ್ತಾಗುತ್ತೆ. ಬಣ್ಣದ ಪಟ್ಟಿಯನ್ನು ಹಗಲು ಬೆಳಕಿನಲ್ಲಿ, ಕನ್ನಡಿ ಹಿಡಿದು, ನೀವೇ ನೋಡಿ ಒಪ್ಪಿಗೆ ಕೊಡಿ. ಇಂಥ ಹಲ್ಲಿನ ಮೇಲೆ ಅಂಟು ಬ್ರಿಡ್ಜ್ ಗಟ್ಟಿಯಾಗಿ ನಿಲ್ಲುತ್ತದೆಯೇ ಅಂತಲೂ ಕೇಳಿ.

ತೆಗೆದು ಹಾಕುವ ಹಲ್ಲು ಕೀಳಲ್ಲ

ಬ್ರಿಡ್ಜೂ ಬೇಡ, ಇಂಪ್ಲಾಂಟೂ ಸಾಧ್ಯವಿಲ್ಲ ಅನ್ನುವವರಿಗೆ ತೆಗೆದು ಹಾಕುವ ಹಲ್ಲು ಇದ್ದೇ ಇದೆ. ಖರ್ಚು ಕಡಿಮೆ, ಪಕ್ಕದ ಹಲ್ಲನ್ನು ಹೆಚ್ಚು ಉಜ್ಜುವುದಿಲ್ಲ, ಹಲವು ಹಲ್ಲು ಒಟ್ಟಿಗೆ ಹೋಗಿದ್ದರೂ ನಡೆಯುತ್ತೆ. ಮೊದಮೊದಲು ಬಾಯಲ್ಲಿ ಏನೋ ತುಂಬಿದ ಹಾಗೆ, ಮಾತು ತೊದಲಿದ ಹಾಗೆ ಅನಿಸುತ್ತೆ. ಕೆಲವು ವಾರದಲ್ಲಿ ನಾಲಿಗೆ ಹೊಂದಿಕೊಳ್ಳುತ್ತೆ. ರಾತ್ರಿ ತೆಗೆದು ತಣ್ಣೀರಿನ ಬಟ್ಟಲಲ್ಲಿ ಇಡಬೇಕು. ಬಿಸಿನೀರು ಬೇಡ, ಆಕಾರ ಕೆಡುತ್ತೆ.

ತವರಿನಲ್ಲಿ ವಯಸ್ಸಾದ ಅಮ್ಮ, ಅತ್ತೆಮನೆಯಲ್ಲಿ ಬಚ್ಚುಬಾಯಿಯ ಮಾವ ಇದ್ದರೆ ಇದನ್ನು ಓದಿ ಸುಮ್ಮನಾಗಬೇಡಿ. ಬಡತನ ರೇಖೆಯ ಕೆಳಗಿನ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲೆಂದು ರಾಜ್ಯ ಸರ್ಕಾರ 2014-15ರ ಹೊತ್ತಿಗೆ ‘ದಂತ ಭಾಗ್ಯ’ ಯೋಜನೆ ತಂದಿತು. ಬಿ.ಪಿ.ಎಲ್. ಕಾರ್ಡು, ಆಧಾರ್ ಕೈಯಲ್ಲಿ ಹಿಡಿದು ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಯಸ್ಸಿನ ನಿಯಮ ಏನು, ಯಾವತ್ತು ಬರಬೇಕು ಅಂತ ವಿಚಾರಿಸಿ. ಪೂರ್ತಿ ಹಲ್ಲಿಲ್ಲದವರಿಗೆ ಕೆಳದವಡೆಯಲ್ಲಿ ಎರಡು ಇಂಪ್ಲಾಂಟ್ ಹಾಕಿ ಸೆಟ್ಟನ್ನು ಅದಕ್ಕೆ ಗುಂಡಿಯ ಹಾಗೆ ಕಚ್ಚಿಸುವ ವಿಧಾನವೂ ಇದೆ. ಕುಣಿಯುವ ಸೆಟ್ಟಿನಿಂದ ಬೇಸತ್ತವರಿಗೆ ಅದು ವರದಾನ.

ಖರ್ಚಿನ ಮಾತು, ಮುಚ್ಚುಮರೆ ಇಲ್ಲದೆ

ಬ್ರಿಡ್ಜಿನ ಬೆಲೆ ಹೇಳೋದು ‘ಯೂನಿಟ್’ ಲೆಕ್ಕದಲ್ಲಿ. ಹೋದದ್ದು ಒಂದೇ ಹಲ್ಲಾದರೂ ಕಟ್ಟುವುದು ಮೂರು ಯೂನಿಟ್. ಬೋರ್ಡಿನಲ್ಲಿ ಬರೆದ ದರವನ್ನು ಮೂರರಿಂದ ಗುಣಿಸಿಕೊಂಡೇ ಪರ್ಸು ನೋಡಿ. ಇಂಪ್ಲಾಂಟಿನಲ್ಲಿ ಸ್ಕ್ರೂ, ಅದರ ಮೇಲಿನ ಜೋಡಣೆ, ಕ್ಯಾಪ್, ಸ್ಕ್ಯಾನ್, ಬೇಕಾದರೆ ಮೂಳೆ ಕೂಡಿಸುವುದು, ಹೀಗೆ ಬೇರೆ ಬೇರೆ ಬಿಲ್ಲು ಬರಬಹುದು. “ಎಲ್ಲಾ ಸೇರಿ ಎಷ್ಟು?” ಅಂತ ಕೇಳಿ ಚೀಟಿಯಲ್ಲಿ ಬರೆಸಿಕೊಳ್ಳಿ. ಸೀರೆ ಅಂಗಡಿಯಲ್ಲಿ ನಾಲ್ಕು ಸಲ ಕೇಳುವವರು ಇಲ್ಲಿ ಯಾಕೆ ನಾಚಬೇಕು?

ಕೈ ಬಿಗಿಯಿದ್ದರೆ ದಂತ ವೈದ್ಯಕೀಯ ಕಾಲೇಜುಗಳ ಬಾಗಿಲು ತೆರೆದಿದೆ. ಬಳ್ಳಾರಿಯಲ್ಲೇ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಕೃತಕ ಹಲ್ಲು ಕಟ್ಟುವುದಕ್ಕೇ ಪ್ರಾಸ್ತೊಡಾಂಟಿಕ್ಸ್ ಎಂಬ ಪ್ರತ್ಯೇಕ ವಿಭಾಗ ಇಂಥ ಕಾಲೇಜುಗಳಲ್ಲಿ ಇರುತ್ತೆ. ವಿದ್ಯಾರ್ಥಿಗಳು ಪ್ರಾಧ್ಯಾಪಕರ ಕಣ್ಗಾವಲಿನಲ್ಲಿ ಕೆಲಸ ಮಾಡುತ್ತಾರೆ. ಭೇಟಿಗಳು ಒಂದೆರಡು ಹೆಚ್ಚಾಗಬಹುದು, ಕಾಯಬೇಕಾಗಬಹುದು. ಆದರೆ ಖರ್ಚು ಖಾಸಗಿಗಿಂತ ಬಹಳ ಕಡಿಮೆ.

ಕಡಿಮೆ ಖರ್ಚು ಅಂತ ಸಂತೆ, ಬಸ್‌ ಸ್ಟ್ಯಾಂಡಿನ ಬಳಿ ಹಲ್ಲು ಕಟ್ಟುವವರ ಮುಂದೆ ಮಾತ್ರ ಬಾಯಿ ತೆರೆಯಬೇಡಿ. ಹತ್ತು ನಿಮಿಷದಲ್ಲಿ ತಂತಿ ಸುತ್ತಿ, ಪ್ಲಾಸ್ಟಿಕ್ಕಿನಂಥ ಹಿಟ್ಟು ಮೆತ್ತಿ ‘ಫಿಕ್ಸ್’ ಮಾಡಿಬಿಡುತ್ತಾರೆ. ಅದರಡಿ ಬ್ರಶ್ ಹೋಗೋಲ್ಲ, ನೀರೂ ಹೋಗೋಲ್ಲ. ವಸಡು ಕೊಳೆತು, ಗಟ್ಟಿಯಿದ್ದ ಪಕ್ಕದ ಹಲ್ಲುಗಳೂ ಅಲುಗಾಡಿ ಬೀಳುತ್ತವೆ. ಸೂಜಿ, ಚಿಮುಟ ಶುದ್ಧವಿಲ್ಲದಿದ್ದರೆ ಹೆಪಟೈಟಿಸ್‌ನಂಥ ಕಾಯಿಲೆಯೂ ಅಂಟಬಹುದು. ಹಲ್ಲಿನ ಚಿಕಿತ್ಸೆ ಮಾಡುವವರು ದಂತವೈದ್ಯ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು ಅಂತ 1948ರ ದಂತವೈದ್ಯರ ಕಾಯ್ದೆಯ ಕಾಲದಿಂದಲೂ ನಿಯಮವಿದೆ. ಗೋಡೆಯ ಮೇಲೆ ನೋಂದಣಿ ಪತ್ರ ಇದೆಯೇ ಅಂತ ನೋಡುವುದು ನಿಮ್ಮ ಹಕ್ಕು.

ಡಾಕ್ಟರ ಬಳಿ ಮುಚ್ಚಿಡಬೇಡಿ

“ಹಲ್ಲಿಗೂ ಸಕ್ಕರೆ ಕಾಯಿಲೆಗೂ ಏನು ಸಂಬಂಧ?” ಅನ್ನಬೇಡಿ, ಬಹಳ ಇದೆ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಬೇಗ ಮಾಯುವುದಿಲ್ಲ, ಇಂಪ್ಲಾಂಟ್ ಸೋಲುವ ಸಾಧ್ಯತೆ ಹೆಚ್ಚು. ಸಕ್ಕರೆ ಹತೋಟಿಗೆ ತಂದುಕೊಂಡರೆ ಮಧುಮೇಹಿಗಳೂ ಧೈರ್ಯವಾಗಿ ಮಾಡಿಸಿಕೊಳ್ಳಬಹುದು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ರಿಪೋರ್ಟ್ ಜೊತೆಗೆ ಒಯ್ಯಿರಿ.

ಮುಟ್ಟು ನಿಂತ ಮೇಲೆ ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆಯನ್ನೋ, ವರ್ಷಕ್ಕೊಮ್ಮೆ ಝೊಲೆಡ್ರೊನಿಕ್ ಆಸಿಡ್ ಇಂಜೆಕ್ಷನ್ನನ್ನೋ ತೆಗೆದುಕೊಳ್ಳುವವರು ಇದನ್ನು ಗಮನಿಸಿ ಓದಿ. ಈ ಔಷಧಿಗಳಲ್ಲಿರುವವರಿಗೆ ಹಲ್ಲು ಕೀಳಿಸಿದಾಗ ಅಥವಾ ಇಂಪ್ಲಾಂಟ್ ಹಾಕಿದಾಗ ಅಪರೂಪಕ್ಕೆ ದವಡೆ ಮೂಳೆ ಮಾಯದೇ ಹೋಗುವುದುಂಟು. ಹೆದರಿ ಔಷಧಿ ನಿಲ್ಲಿಸಬೇಡಿ. ಮಾತ್ರೆಯ ಚೀಟಿಯನ್ನು ದಂತವೈದ್ಯರಿಗೆ ತೋರಿಸಿ. ರಕ್ತ ತೆಳು ಮಾಡುವ ಮಾತ್ರೆ, ಹಿಂದೆ ತಲೆ ಕುತ್ತಿಗೆ ಭಾಗಕ್ಕೆ ಪಡೆದ ರೇಡಿಯೇಷನ್, ಇವನ್ನೂ ಹೇಳಿ. ಬಸುರಿಯರು ಇಂಪ್ಲಾಂಟನ್ನು ಹೆರಿಗೆಯ ನಂತರಕ್ಕೆ ಮುಂದೂಡಬಹುದು, ಆದರೆ ಹಲ್ಲಿನ ನೋವು, ಕೀವನ್ನು ಮುಂದೂಡಬಾರದು.

ಇನ್ನು ಎಲೆ ಅಡಿಕೆ ಜೊತೆ ತಂಬಾಕು, ಕಡ್ಡಿಪುಡಿ. ಗಂಡಸರ ಗುಟ್ಕಾ ಬಗ್ಗೆ ಎಲ್ಲರೂ ಬೈಯುತ್ತಾರೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವೂ ಆಯಿತು. ಹೆಂಗಸರ ಸೊಂಟದ ಚೀಲದಲ್ಲಿರುವ ತಂಬಾಕಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡೋಲ್ಲ. ತಂಬಾಕು ವಸಡನ್ನು ಸಡಿಲಿಸುತ್ತೆ, ಇಂಪ್ಲಾಂಟನ್ನು ಸೋಲಿಸುತ್ತೆ, ಎಲ್ಲಕ್ಕಿಂತ ಮಿಗಿಲಾಗಿ ಬಾಯಿ ಕ್ಯಾನ್ಸರಿಗೆ ದಾರಿ ಮಾಡುತ್ತೆ. ಹೊಸ ಹಲ್ಲಿನ ನೆಪದಲ್ಲಾದರೂ ಅದನ್ನು ಬಿಡಿ. ಬಾಯೊಳಗೆ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಇದ್ದರೆ ಹಲ್ಲು ಕಟ್ಟಿಸುವ ಮುಂಚೆ ಅದನ್ನು ತೋರಿಸಿ.

ಕಟ್ಟಿಸಿದ ಮೇಲೆ ಮರೆಯಬೇಡಿ

ಕಟ್ಟಿಸಿದ ಹಲ್ಲಿಗೆ ಹುಳುಕು ಹಿಡಿಯೋಲ್ಲ, ಸರಿ. ಆದರೆ ಬ್ರಿಡ್ಜಿನ ಕೆಳಗಿನ ಸ್ವಂತ ಹಲ್ಲಿಗೆ ಹಿಡಿಯುತ್ತೆ. ಇಂಪ್ಲಾಂಟಿನ ಸುತ್ತಲ ವಸಡು ಸೋಂಕಾಗಿ ಮೂಳೆ ಕರಗಿದರೆ ಅಷ್ಟು ದುಡ್ಡು ಕೊಟ್ಟ ಬೇರೇ ಕಳಚಿ ಬರುತ್ತೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ಮೃದು ಬ್ರಶ್. ಬ್ರಿಡ್ಜಿನ ಅಡಿಗೆ ಸೂಪರ್ ಫ್ಲಾಸ್ ದಾರ ಅಥವಾ ಸಂದಿಗೆ ಹಾಕುವ ಪುಟ್ಟ ಬ್ರಶ್ ಬಳಸೋದನ್ನು ವೈದ್ಯರಿಂದಲೇ ಕಲಿತುಕೊಳ್ಳಿ. ಇದ್ದಿಲು, ಬೂದಿ, ಉಪ್ಪು ಹಾಕಿ ತಿಕ್ಕಬೇಡಿ. ಆರು ತಿಂಗಳಿಗೊಮ್ಮೆ ತೋರಿಸಿ. ಇಂಪ್ಲಾಂಟಿನ ಕಂಪನಿ ಹೆಸರು, ಅಳತೆ, ನಂಬರಿರುವ ಸ್ಟಿಕರನ್ನು ಕೇಳಿ ಪಡೆದು ಮನೆ ಪತ್ರ, ಎಲ್.ಐ.ಸಿ. ಬಾಂಡಿನ ಜೊತೆ ಇಟ್ಟುಕೊಳ್ಳಿ. ಮುಂದೆ ಮಗಳ ಊರಿನಲ್ಲಿ ಬೇರೆ ಡಾಕ್ಟರರಿಗೆ ತೋರಿಸಬೇಕಾದರೆ ಅದೇ ಆಧಾರ.

ಹೊರಡುವ ಮುನ್ನ ಈ ಐದು ಪ್ರಶ್ನೆಗಳನ್ನು ಕತ್ತರಿಸಿ ಪರ್ಸಿನಲ್ಲಿಡಿ:

* ಈ ಜಾಗವನ್ನು ಹೀಗೇ ಬಿಟ್ಟರೆ ಏನಾಗುತ್ತೆ?
* ಪಕ್ಕದ ಎರಡು ಹಲ್ಲುಗಳ ಸ್ಥಿತಿ ಹೇಗಿದೆ? ಅವನ್ನು ಉಜ್ಜದೆ ಆಗುತ್ತದೆಯೇ?
* ಇಂಪ್ಲಾಂಟಿಗೆ ಬೇಕಾದಷ್ಟು ಮೂಳೆ ಇದೆಯೇ?
* ಎಲ್ಲಾ ಸೇರಿ ಖರ್ಚು ಎಷ್ಟು, ಎಷ್ಟು ಸಲ ಬರಬೇಕು?
* ನಾಳೆ ಕೆಟ್ಟರೆ ರಿಪೇರಿ ಹೇಗೆ?

ಕೊನೆಗೊಂದು ಮಾತು. ಇಷ್ಟೆಲ್ಲ ಓದಿದ ಮೇಲೂ “ಮನೆಯವರನ್ನು ಕೇಳಿ ನೋಡ್ತೀನಿ” ಅಂತ ನೀವು ಅನ್ನಬಹುದು. ಕೇಳಿ, ತಪ್ಪಿಲ್ಲ. ಆದರೆ ಕೇಳುವಾಗ ಅಪ್ಪಣೆ ಬೇಡುವ ಹಾಗೆ ಬೇಡ. ಫ್ರಿಜ್ಜು ಕೆಟ್ಟರೆ “ರಿಪೇರಿ ಮಾಡಿಸಬೇಕು” ಅಂತ ಹೇಗೆ ಹೇಳ್ತೀರೋ ಹಾಗೆಯೇ ಹೇಳಿ. ದಿನಕ್ಕೆ ಮೂರು ಹೊತ್ತು ಎಲ್ಲರ ತಟ್ಟೆಗೆ ಬಡಿಸುವ ನಿಮ್ಮ ಬಾಯಿಗೂ ಅಗಿದು ತಿನ್ನುವ ಹಕ್ಕಿದೆ. ತಿಂಗಳ ಖರ್ಚಿನ ಪಟ್ಟಿ ಬರೆಯುವಾಗ ಈ ಸಲ ಹಾಲು, ಪೇಪರ್, ಗ್ಯಾಸಿನ ಕೆಳಗೆ ಇನ್ನೊಂದು ಸಾಲು ಸೇರಿಸಿ: ‘ನನ್ನ ಹಲ್ಲು’.